ಕೈಗಿಳಿದ ಚೀಲ

ಭಾನುವಾರ. ಚರ್ಚಿನ ಮರದ ನಗಾರಿ ಇನ್ನೂ ಮೊಳಗಿರಲಿಲ್ಲ. ತಪ್ಪಿಸಿಕೊಂಡ ಹಂದಿ ಹುಡುಕಲು ಹೋದವರು ಹೆಣ ಕಂಡು ಓಡಿಬಂದರು.

ಪೊಲೀಸ್ ಕಾರ್ಪೊರಲ್ ಕೆಲೆರಾ ರಜೆಯ ಮೇಲೆ ತನ್ನ ಊರು ನಾಸಾವುವಿಗೆ ಬಂದು ಎರಡೇ ದಿನವಾಗಿತ್ತು. ರಜೆ ಅಲ್ಲಿಗೆ ಮುಗಿಯಿತು. ಒದ್ದೆ ಬೆಟ್ಟದ ದಾರಿಯಲ್ಲಿ ಒಂದು ಗಂಟೆ ಹತ್ತಿ ಗಿಳಿಬಂಡೆಯ ಬುಡಕ್ಕೆ ಹೋದಳು. ಜೊತೆಯಲ್ಲಿ ಊರಿನ ನರ್ಸ್.

ಕ್ಯಾಲಮ್ ಬೋರಲಾಗಿ ಬಿದ್ದಿದ್ದ. ಆಸ್ಟ್ರೇಲಿಯಾದ ಹುಡುಗ, ಈ ದ್ವೀಪದ ರಾಜಧಾನಿ ಸುವಾದಲ್ಲಿ ಮೇಷ್ಟ್ರು. ಶುಕ್ರವಾರ ಇಬ್ಬರು ಗೆಳೆಯರ ಜೊತೆ ಬೆಟ್ಟ ಹತ್ತಲೆಂದು ಬಂದವನು. ತಲೆ ಒಡೆದಿತ್ತು. ಬಲಗಾಲು ಮುರಿದಿತ್ತು. ಮೈಮೇಲೆ ಒಂದು ತೆಳ್ಳನೆಯ ಅಂಗಿ, ಅಷ್ಟೇ.

ಬಂಡೆಯ ಮರೆಯಲ್ಲಿ ಮಳೆ ತಾಗದ ಮಣ್ಣು. ಅದರ ಮೇಲೆ ತೆವಳಿದ ಗುರುತು, ಹತ್ತು ಹೆಜ್ಜೆಯಷ್ಟು ದೂರ. ದಾರಿಯ ಕಡೆಗೆ.

"ಬಿದ್ದ ಕೂಡಲೇ ಹೋಗಿಲ್ಲ ಕಣೇ," ಎಂದಳು ನರ್ಸ್. "ತುಂಬಾ ಹೊತ್ತು ಜೀವ ಇತ್ತು. ರಾತ್ರಿವರೆಗೂ ಇದ್ದಿರಬಹುದು."

ನಿನ್ನೆ ಸಂಜೆ ತಾನೇ ಹೇಳಿಕಳಿಸಿದ ಮಾತೊಂದು ಕೆಲೆರಾಗೆ ನೆನಪಾಯಿತು. ಆದರೆ ಆಗ ಅದನ್ನು ಯೋಚಿಸಲು ಪುರಸೊತ್ತಿರಲಿಲ್ಲ.

* * *

ಊರಿನ ಸಭಾಮನೆಯಲ್ಲಿ ಸೈರುಸಿ ಅಳುತ್ತಾ ಕುಳಿತಿದ್ದ. ಸತ್ತವನ ಗೆಳೆಯ. ಕಡಲ ತೀರದ ಊರಿನವನು, ಎತ್ತರದ ಆಳು. ಇಲ್ಲಿನ ಎಷ್ಟೋ ಹುಡುಗರ ಹಾಗೆ ಮುಂದಿನ ತಿಂಗಳು ಬ್ರಿಟಿಷ್ ಸೈನ್ಯಕ್ಕೆ ಸೇರಲಿದ್ದ.

"ಅಕ್ಕಾ, ನಿನ್ನೆ ನಾವು ಒಟ್ಟಿಗೇ ಇಳಿದ್ವಿ. ಕ್ಯಾಲಮ್ ಮುಂದೆ, ನಾನು ಹಿಂದೆ. ಮೂರು ಗಂಟೆಗೆ ಈ ಜಗುಲಿ ಮುಂದೇನೇ ಹೋದ. ನೀವೂ ನೋಡಿದ್ರಲ್ಲ, ಕಿತ್ತಳೆ ಬಣ್ಣದ ಮಳೆಕೋಟು?"

ಹೌದು, ಕೆಲೆರಾ ನೋಡಿದ್ದಳು. ಜಗುಲಿಯಲ್ಲಿ ಮುದುಕಿಯರ ಜೊತೆ ಚಾಪೆ ಹೆಣೆಯುತ್ತಿದ್ದಳು. ಜಡಿಮಳೆ. ಟೋಪಿ ಮುಖಕ್ಕೆಳೆದುಕೊಂಡ ಕಿತ್ತಳೆ ಕೋಟು ಹಳ್ಳದ ಬದಿಯ ಡೇರೆಯ ಕಡೆಗೆ ಹೋಗಿತ್ತು. ಸ್ವಲ್ಪ ಹೊತ್ತಿಗೆ ಸೈರುಸಿ ನೆನೆದು ತೊಪ್ಪೆಯಾಗಿ ಬಂದಿದ್ದ. ಆಮೇಲೆ ಕತ್ತಲಾಗುವ ತನಕ ಗಂಡಸರ ನಡುವೆ ಕಾವಾ ಬೇರು ಅರೆದ ಪಾನೀಯ ಕುಡಿಯುತ್ತಾ ಸಭಾಮನೆಯಲ್ಲೇ ಕುಳಿತಿದ್ದ. ಐವತ್ತು ಜನ ಸಾಕ್ಷಿ.

"ರಾತ್ರಿ ನಾನು ಇಲ್ಲೇ ಮಲಗಿದೆ. ಅವನು ಡೇರೆಯಲ್ಲಿ ಮಲಗಿದಾನೆ ಅಂದ್ಕೊಂಡಿದ್ದೆ. ಬೆಳಿಗ್ಗೆ ನೋಡಿದ್ರೆ ಇಲ್ಲ. ಫೋನು ಮೇಲೆ ಬಿಟ್ಟುಬಂದೆ ಅಂತ ಗೊಣಗ್ತಿದ್ದ. ತರೋಕೆ ವಾಪಸ್ ಹತ್ತಿರಬೇಕು." ಮೂಗು ಒರೆಸಿಕೊಂಡ. "ಆ ಹೊತ್ತಲ್ಲಿ ಬೆಟ್ಟದ ಮೇಲೆ ಇದ್ದೋನು ಒಬ್ಬನೇ. ಹೇಳೋಕೆ ಬಾಯಿ ಬರಲ್ಲ ಅಕ್ಕಾ."

ಒಬ್ಬನೇ ಅಂದರೆ ಎಮೋಸಿ. ಅವರಿಗೆ ದಾರಿ ತೋರಿಸಲು ಹೋದವನು. ಕೆಲೆರಾಳ ದೊಡ್ಡಪ್ಪನ ಮಗ, ಅಣ್ಣ. ಸಂಜೆ ಆರಕ್ಕೆ ಒಬ್ಬನೇ ಇಳಿದು ಬಂದಿದ್ದ.

ಗಂಡಸರು ಹಿತ್ತಲಲ್ಲಿ ಅವನ ಚೀಲ ಬಿಚ್ಚಿದರು, ಗೋಡೆಯ ಈಚೆ ಕೆಲೆರಾ. ಬಾಳೆಲೆಯಲ್ಲಿ ಸುತ್ತಿದ ಫೋನು. ಕ್ಯಾಲಮ್‌ನದೇ.

ಊರ ಮುಖ್ಯಸ್ಥ ಕೇಳಿದ. "ಏನಪ್ಪಾ ಇದು?"

ಎಮೋಸಿ ತಲೆ ಎತ್ತಲಿಲ್ಲ. "ಕಾವಾ ಬೇರು ಕಾಣಿಕೆ ಕೊಟ್ಟು ನಮ್ಮ ಕೈಲಿ ಜೀವ ಇಟ್ಟ ಅತಿಥಿ. ಅವನು ಸತ್ತ. ತಪ್ಪು ನಂದೇ."

ಅಷ್ಟೇ.

ಅಯ್ಯೋ, ಈ ಬೆಟ್ಟದ ಜನರ ಮಾತಿನ ರೀತಿಯೇ ಹೀಗೆ. ಅತಿಥಿಗೆ ಜ್ವರ ಬಂದರೂ 'ತಪ್ಪು ನಂದೇ' ಎನ್ನುವವರು. ಆದರೆ ಕಾಗದದ ಮೇಲೆ ಬರೆದರೆ ಅದು ತಪ್ಪೊಪ್ಪಿಗೆ. ಗಂಡಸರು ಅವನನ್ನು ಸಭಾಮನೆಯ ಹಿಂದಿನ ಉಗ್ರಾಣದಲ್ಲಿ ಕೂರಿಸಿ ಬಾಗಿಲು ಹಾಕಿದರು.

ಕೆಲೆರಾ ಆ ಬಾಗಿಲಿನ ಹೊರಗೆ ನಿಂತಳು. ಕೇಳಬೇಕಾದ ಪ್ರಶ್ನೆಗಳು ಇಪ್ಪತ್ತಿದ್ದವು. ಒಂದನ್ನೂ ಕೇಳುವಂತಿರಲಿಲ್ಲ. ನಾಸಾವುವಿನಲ್ಲಿ ಪ್ರಾಯಕ್ಕೆ ಬಂದ ಅಣ್ಣ ತಂಗಿ ಮಾತಾಡುವುದಿಲ್ಲ. ಮುಖ ನೋಡುವುದಿಲ್ಲ. ಅದು ಕೋಪವಲ್ಲ, ಗೌರವ. ದೊಡ್ಡವರಾದಂದಿನಿಂದ ಅವನು ಅವಳಿಗೆ ಒಂದು ಮಾತೂ ಹೇಳಿದವನಲ್ಲ. ಏನಿದ್ದರೂ ನಡುವೆ ಲೋಸಾ ಅತ್ತೆ.

ಲೋಸಾ ಅತ್ತೆ ಒಳಗೆ ಹೋಗಿ ಬಂದಳು. "ಗೋಡೆಗೆ ಮುಖ ಮಾಡಿ ಕೂತಿದಾನೆ ಮಗಳೇ. ಬಾಯೇ ಬಿಡ್ತಿಲ್ಲ."

* * *

ಇನ್ಸ್‌ಪೆಕ್ಟರ್ ಬಿಸೇಸರ್ ಉಕ್ಕಿದ ಹೊಳೆ ದಾಟಿ ಬರುವಾಗ ಹನ್ನೊಂದಾಯಿತು. ಪ್ಯಾಂಟು ಮೊಣಕಾಲವರೆಗೆ ಕೆಸರು. ಸಕ್ಕರೆ ಇಲ್ಲದ ಚಹಾ ಕುಡಿದು ಎಲ್ಲ ಕೇಳಿಸಿಕೊಂಡರು.

"ಫೋನು ಸಿಕ್ಕಿದೆ. ಒಪ್ಪಿಕೊಂಡಿದಾನೆ. ಇನ್ನೇನಮ್ಮಾ ಬೇಕು? ಎರಡು ಗಂಟೆಗೆ ಹೊರಡ್ತೀನಿ. ಮತ್ತೆ ಮಳೆ ಬಂದ್ರೆ ಹೊಳೆ ಬಿಡಲ್ಲ."

"ಸರ್, ಅವನು ಮಾಡಿಲ್ಲ."

"ನಿಮ್ಮಣ್ಣ ಅಂತ ಹೇಳ್ತಿದೀಯ. ಕೋರ್ಟಲ್ಲಿ ನಿನ್ನ ಮಾತಿಗೆ ಮೂರು ಕಾಸಿನ ಬೆಲೆ ಇರಲ್ಲ. ತಪ್ಪು ತಿಳೀಬೇಡ."

ತಪ್ಪು ತಿಳಿಯಲು ಏನಿತ್ತು? ಅವರು ಹೇಳಿದ್ದು ನಿಜವೇ. ಅಣ್ಣನನ್ನು ಕೈಕೋಳ ಹಾಕಿ ಕರೆದೊಯ್ಯಲು ಮೂರು ಗಂಟೆಯಿತ್ತು. ಅವಳ ಕೈಯಲ್ಲಿ ಏನೂ ಇರಲಿಲ್ಲ.

ಡೇರೆಗೆ ಹೋದಳು. ಕ್ಯಾಲಮ್‌ನ ಚೀಲ ಅಲ್ಲೇ ಇತ್ತು. ಕಿತ್ತಳೆ ಕೋಟು ಹಗ್ಗದ ಮೇಲೆ ತೂಗುತ್ತಿತ್ತು.

ಅವಳು ಕೋಟನ್ನೇ ನೋಡುತ್ತಾ ನಿಂತಳು. ಅಂಥ ಮಳೆಯಲ್ಲಿ ಮಳೆಕೋಟು ಬಿಟ್ಟು ಬರೀ ಅಂಗಿಯಲ್ಲಿ ಬೆಟ್ಟ ಹತ್ತುವ ಹುಚ್ಚ ಯಾರು?

ಹೊರಗೆ ಮೂರನೆಯ ಗೆಳೆಯ ಅವಿನೇಶ್ ತನ್ನ ಜೀಪು ತೊಳೆಯುತ್ತಿದ್ದ. ನಿನ್ನೆ ಮೊಣಕಾಲು ನೋವೆಂದು ಅರ್ಧ ದಾರಿಯಿಂದಲೇ ವಾಪಸಾದವನು. ಈಗ ಕುಂಟುತ್ತಿರಲಿಲ್ಲ.

"ಕಾಲು ವಾಸಿಯಾಯ್ತಾ?"

ಅವನು ಬೆಚ್ಚಿ ಬಾಲ್ದಿ ಬೀಳಿಸಿದ. ಜೀಪಿನ ಮೂತಿಯ ಎಡಭಾಗಕ್ಕೆ ಹೊಸ ಬಣ್ಣ ಹೊಡೆದಿತ್ತು. ಮಿಕ್ಕ ಬಣ್ಣಕ್ಕೆ ಹೊಂದುತ್ತಿರಲಿಲ್ಲ.

"ಇದೇನಿದು?"

"ಮಾವಿನ ಮರಕ್ಕೆ ತಾಗಿತ್ತು. ಹೋದ ತಿಂಗಳು. ಮೇಡಂ, ದಯವಿಟ್ಟು, ನನ್ನನ್ನೇನೂ ಕೇಳಬೇಡಿ."

ಕೊಂದವನು ಇವನೇ ಇರಬಹುದೇ? ಒಂದು ಕ್ಷಣ ಆಸೆಯಾಯಿತು. ಆದರೆ ನಿನ್ನೆ ಹತ್ತು ಗಂಟೆಯಿಂದ ಅವನು ನರ್ಸ್ ಮನೆಯಲ್ಲಿ ಕಾಲಿಗೆ ಬಿಸಿನೀರಿನ ಶಾಖ ಕೊಡಿಸಿಕೊಂಡು, ಮರಗೆಣಸು ತಿಂದು ಮಲಗಿದ್ದ. ನರ್ಸ್ ಸುಳ್ಳು ಹೇಳುವವಳಲ್ಲ. ಆ ದಾರಿಯೂ ಮುಚ್ಚಿತು.

* * *

ಜಗುಲಿಗೆ ಬಂದು ಕುಸಿದು ಕುಳಿತಳು. ಲೋಸಾ ಅತ್ತೆ ಕಣ್ಣೊರೆಸಿಕೊಳ್ಳುತ್ತಾ ಚಾಪೆ ಹೆಣೆಯುತ್ತಿದ್ದಳು.

"ಪಾಪದ ಹುಡುಗ. ಸಾಯೋ ದಿನ ಬುದ್ಧಿ ಕಲಿತಿದ್ದ ನೋಡು."

"ಏನು ಬುದ್ಧಿ ಅತ್ತೆ?"

"ಶುಕ್ರವಾರ ಬಂದಾಗ ಚೀಲ ಬೆನ್ನಿಗೇ ಹಾಕ್ಕೊಂಡು, ಟೋಪಿ ಹಾಕ್ಕೊಂಡು ನಮ್ಮ ಮುಂದೆ ಧಿಮಾಕಾಗಿ ನಡೆದಿದ್ದ. ಹಿರಿಯರ ಮುಂದೆ ಹಾಗೆ ಹೋಗಬಾರದು ಅಂತ ಆ ಸೈರುಸಿ ಬೈದ, ನಾನೂ ಬೈದೆ. ನಿನ್ನೆ ಬೆಳಿಗ್ಗೆ ಹೋಗುವಾಗಲೂ ಅದೇ ಕತೆ. ಆದರೆ ಮಧ್ಯಾಹ್ನ ಬರುವಾಗ ನೋಡು, ನಾವು ಕೂತಿದ್ದು ಕಂಡ ಕೂಡಲೇ ಚೀಲ ಬೆನ್ನಿಂದ ಕೈಗಿಳಿಸಿದ. ಸೊಂಟ ಬಗ್ಗಿಸಿ ಹೋದ. ನಾನೇ ಅಂದೆ, ಅಬ್ಬಾ, ಈಗ ಮನುಷ್ಯ ಆದ ಅಂತ."

ಕೆಲೆರಾ ಎದುರಿನ ದಾರಿಯ ಕಡೆ ನೋಡಿದಳು.

ಹೌದು. ಅವಳೂ ಕಂಡಿದ್ದಳು. ಕಂಡೂ ಕಾಣದ ಹಾಗೆ ಕುಳಿತಿದ್ದಳು. ಊರಿನ ಎಲ್ಲರೂ ದಿನವೂ ಮಾಡುವುದನ್ನು ಯಾರು ತಾನೇ ಗಮನಿಸುತ್ತಾರೆ?

* * *

ಒಂದೂವರೆಗೆ ಎಲ್ಲರನ್ನೂ ಸಭಾಮನೆಗೆ ಕರೆದಳು. ಬಿಸೇಸರ್ ಗಡಿಯಾರ ನೋಡಿಕೊಂಡರು.

"ಸೈರುಸಿ, ಒಂದೇ ಪ್ರಶ್ನೆ. ನಿನ್ನೆ ಕ್ಯಾಲಮ್ ಹಿಂದೆಯೇ ಬಂದೆ ಅಂದೆಯಲ್ಲ. ಈ ಜಗುಲಿ ಮುಂದೆ ಅವನು ಹೇಗೆ ನಡೆದ?"

"ಹೇಗೆ ಅಂದ್ರೆ? ಯಾವಾಗ್ಲೂ ನಡೆಯೋ ಹಾಗೆ. ಚೀಲ ಬೆನ್ನಿಗೆ, ಎದೆ ಸೆಟೆಸಿಕೊಂಡು. ನೂರು ಸಲ ಹೇಳಿದ್ದೆ ಅಕ್ಕಾ, ಕೇಳ್ತಿರಲಿಲ್ಲ. ನಂಗೇ ನಾಚಿಕೆ ಆಯ್ತು."

ಮುದುಕಿಯರು ಒಟ್ಟಿಗೇ ಬಾಯಿ ಮಾಡಿದರು.

"ಏ ಹೋಗೋ! ಕೈಯಲ್ಲಿತ್ತು ಚೀಲ!"

"ಬಗ್ಗಿ ಹೋದ ಕಣೋ, ನಮ್ಮ ಮೊಮ್ಮಗನ ಹಾಗೆ!"

"ಸಮುದ್ರದೋರ ಕಣ್ಣಿಗೆ ಉಪ್ಪು ಹತ್ತಿದೆಯೇನೋ!" ಎಂದಳು ಲೋಸಾ ಅತ್ತೆ.

ಸೈರುಸಿ ಬಾಗಿಲ ಕಡೆ ನೋಡಿದ.

"ಕ್ಯಾಲಮ್ ಬಗ್ಗಿರಲಿಲ್ಲ," ಎಂದಳು ಕೆಲೆರಾ. "ಆಗಲೇ ಅವನು ಬಂಡೆ ಕೆಳಗೆ ಬಿದ್ದಿದ್ದ. ಎಮೋಸಿ ಫೋನನ್ನ ನೆನೆಯದ ಹಾಗೆ ಬಾಳೆಲೇಲಿ ಸುತ್ತಿ ತಂದಿದ್ದು ಅವನಿಗೆ ವಾಪಸ್ ಕೊಡೋಕೆ. ಅದನ್ನ ಬೆಟ್ಟದ ತುದೀಲಿ ಅಡಗಿಸಿಟ್ಟು, ತರೋಕೆ ಎಮೋಸಿಯನ್ನ ಕಳಿಸಿದ್ದು ನೀನು. ಅವನು ಅತ್ತ ಹೋದ, ಇತ್ತ ನೀನು ಕ್ಯಾಲಮ್‌ನ ತಳ್ಳಿದೆ. ಆಗಿನ್ನೂ ಮಳೆ ಬಂದಿರಲಿಲ್ಲ; ಅವನು ಕೆಳಗಿಟ್ಟಿದ್ದ ಚೀಲದಿಂದ ಕೋಟು ತೆಗೆದು ಹಾಕ್ಕೊಂಡೆ, ಚೀಲ ಬೆನ್ನಿಗೇರಿಸಿದೆ. ಅವನು ಜೀವಂತ ಇಳಿದ ಅಂತ ಊರೆಲ್ಲಾ ನೋಡಲಿ ಅಂತ ಟೋಪಿ ಮುಖಕ್ಕೆಳೆದೆ, ಮೈಬಣ್ಣ ಕಾಣದ ಹಾಗೆ ಕೋಟಿನ ತೋಳಲ್ಲಿ ಕೈ ಮುಚ್ಚಿಕೊಂಡೆ. ಡೇರೇಲಿ ಕೋಟು ಕಳಚಿ ಇನ್ನೊಂದು ದಾರೀಲಿ ಸುತ್ತಿ ಬಂದೆ. ಎಲ್ಲಾ ಲೆಕ್ಕ ಹಾಕಿದ್ದೆ. ಆದರೆ ಹಿರಿಯರು ಕೂತಿದ್ದು ಕಂಡಾಗ ನಿನ್ನ ಸೊಂಟ ನಿನ್ನನ್ನ ಕೇಳದೇನೇ ಬಗ್ಗಿತು. ಅಮ್ಮ ಕಲಿಸಿದ್ದು. ಬಗ್ಗಿದ್ದು ನಿನಗೆ ನೆನಪೂ ಇಲ್ಲ."

ಸೈರುಸಿ ಎದ್ದುನಿಂತ. "ಕೋಟು ಹಾಕಿದ್ದು ಬೇರೆಯವನೇ ಇರಲಿ. ಅದು ನಾನೇ ಯಾಕೆ? ಎಮೋಸಿಯೂ ಇದೇ ಊರೋನು. ಅವನ ಸೊಂಟ ಬಗ್ಗಲ್ವಾ?"

ಬಿಸೇಸರ್ ತಲೆಯಾಡಿಸಿದರು. "ಕೆಲೆರಾ, ಅದಕ್ಕೆ ಉತ್ತರ ಬೇಕು."

"ಆ ಹೊತ್ತಿಗೆ ಜಗುಲಿ ಮೇಲೆ ನಾನು ಕೂತಿದ್ದೆ ಸರ್."

ಇನ್ಸ್‌ಪೆಕ್ಟರಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಮಿಕ್ಕವರಿಗೆ ಅಷ್ಟೂ ಬೇಕಾಗಲಿಲ್ಲ.

"ತಂಗಿ ಕೂತಿರೋ ಜಗುಲಿ ಮುಂದೆ ಎಮೋಸಿ?" ಊರ ಮುಖ್ಯಸ್ಥ ಎದ್ದ. "ಇನ್ಸ್‌ಪೆಕ್ಟರ್ ಸಾಹೇಬ್ರೇ, ಅವಳು ಊರಲ್ಲಿದ್ರೆ ಅವನು ಅಡುಗೆಮನೆಗಳ ಹಿಂದಿನ ಕೊಚ್ಚೇಲಿ ಸುತ್ತಿ ಹೋಗ್ತಾನೆ. ಜ್ವರ ಬಂದಾಗಲೂ ಹಾಗೇ ಹೋದೋನು. ಇದನ್ನ ಹೇಳೋಕೆ ಅವಳು ಬೇಡ. ಊರೇ ಸಾಕ್ಷಿ ಹೇಳ್ತೀವಿ, ಬರ್ಕೊಳ್ಳಿ."

ಅವಿನೇಶ್ ಮುಖ ಮುಚ್ಚಿಕೊಂಡು ಬಿಕ್ಕಿದ. "ಮಾವಿನ ಮರ ಅಲ್ಲ ಮೇಡಂ. ಸೈಕಲ್ಲಲ್ಲಿ ಹೋಗ್ತಿದ್ದ ಮುದುಕ. ನಾವು ಮೂವರೂ ಪ್ರವಾಸ ಮುಗಿಸಿ ಬರ್ತಿದ್ವಿ. ಓಡಿಸ್ತಿದ್ದೋನು ಸೈರುಸಿ. ನಿಲ್ಲಿಸಲೇ ಇಲ್ಲ. ಸೋಮವಾರ ಪೊಲೀಸರಿಗೆ ಹೇಳ್ತೀನಿ ಅಂತ ಕ್ಯಾಲಮ್ ಹಟ ಹಿಡಿದಿದ್ದ. ಬೆಟ್ಟಕ್ಕೆ ಹೋಗೋಣ, ಅಲ್ಲಿ ಮಾತಾಡೋಣ ಅಂತ ಸೈರುಸಿ ಕರ್ಕೊಂಡು ಬಂದ. ಆ ಮಾತಿಗೆ ಹೆದರಿ ನಾನು ಕಾಲುನೋವು ಅಂತ ವಾಪಸ್ ಬಂದೆ."

"ನನ್ನ ಸೈನ್ಯದ ಕೆಲಸ ಹೋಗ್ತಿತ್ತು," ಎಂದ ಸೈರುಸಿ. ಕುಸಿದು ಕುಳಿತ. "ಇಡೀ ಮನೆ ಅದನ್ನೇ ನಂಬ್ಕೊಂಡಿತ್ತು."

ಬಿಸೇಸರ್ ಕೈಕೋಳ ತೆಗೆದರು. ಹೊರಗೆ ಕರೆದೊಯ್ಯುವಾಗ ಮುದುಕಿಯರ ಮುಂದೆ ಅವನು ಬಗ್ಗಿ ನಡೆದ. ಆಗಲೂ ಅವನಿಗೆ ಅದು ಗೊತ್ತಾಗಲಿಲ್ಲ.

* * *

ಉಗ್ರಾಣದ ಬಾಗಿಲು ತೆಗೆದರು. ಲೋಸಾ ಅತ್ತೆ ಒಳಗೆ ಹೋದಳು. ಕೆಲೆರಾ ಜಗುಲಿಯ ಮೇಲೆ ಬೆನ್ನು ತಿರುಗಿಸಿ ಕುಳಿತಳು. ತುಂಬಾ ಹೊತ್ತಿನ ಮೇಲೆ ಅತ್ತೆ ಬಂದಳು.

"ಏನಂದ ಅತ್ತೆ?"

"ಅದೇ ಮಾತು. ತಪ್ಪು ನಂದೇ ಅಂತಾನೆ. ನಿನ್ನೆ ಆರಕ್ಕೆ ಇಳಿದಾಗ ಮನಸ್ಸಿಗೆ ಸಮಾಧಾನ ಇರಲಿಲ್ಲವಂತೆ. ಬ್ಯಾಟರಿ ತಗೊಂಡು ವಾಪಸ್ ಹೋಗಿ ಹುಡುಕಬೇಕು ಅಂತಿದ್ದನಂತೆ." ಅತ್ತೆ ಅಲ್ಲಿಗೆ ನಿಲ್ಲಿಸಿದಳು. ಮುಂದಿನದನ್ನು ಹೇಳುವ ಅಗತ್ಯವಿರಲಿಲ್ಲ.

ಏಕೆಂದರೆ ನಿನ್ನೆ ಆರಕ್ಕೆ ಇದೇ ಜಗುಲಿಯಿಂದ ಕೆಲೆರಾ ಇದೇ ಅತ್ತೆಯ ಕೈಯಲ್ಲಿ ಅಣ್ಣನಿಗೆ ಹೇಳಿಕಳಿಸಿದ್ದಳು. 'ಹುಡುಗ ಮೂರಕ್ಕೇ ಬಂದ, ನಾನೇ ಕಣ್ಣಾರೆ ನೋಡಿದೀನಿ. ಮಳೇಲಿ ಮತ್ತೆ ಹೋಗೋದು ಬೇಡ ಅನ್ನು. ಮಲಗಲಿ.'

ಪೊಲೀಸ್ ತಂಗಿಯ ಮಾತು. ಅವನು ನಂಬಿದ. ಊಟ ಮಾಡಿ ಮಲಗಿದ. ಮೇಲೆ ಗಿಳಿಬಂಡೆಯ ಬುಡದಲ್ಲಿ ಒಬ್ಬ ಹುಡುಗ ಮುರಿದ ಕಾಲೆಳೆದುಕೊಂಡು ದಾರಿಯ ಕಡೆಗೆ ತೆವಳುತ್ತಿದ್ದ.

ಅವಳಿಗೆ ಎದ್ದು ಹೋಗಿ ಅಣ್ಣನ ಮುಂದೆ ನಿಂತು ಹೇಳಬೇಕೆನಿಸಿತು: ತಪ್ಪು ನಿನ್ನದಲ್ಲ, ಬೇಡ ಎಂದವಳು ನಾನು. ಆದರೆ ಆ ಮಾತು ಅವಳ ಬಾಯಿಂದ ಅವನ ಕಿವಿಗೆ ಹೋಗುವಂತಿರಲಿಲ್ಲ. ಅತ್ತೆಯ ಕೈಯಲ್ಲಿ ಹೇಳಿಕಳಿಸುವಂಥ ಮಾತೂ ಅಲ್ಲ ಅದು.

ಎದುರಿನ ದಾರಿ ಖಾಲಿಯಾಗಿತ್ತು. ಅಡುಗೆಮನೆಗಳ ಹಿಂದೆ ಕೋಳಿಗಳು ಚದುರಿ ಕೂಗಿದವು. ಕೆಸರಿನಲ್ಲಿ ಯಾರೋ ನಿಧಾನವಾಗಿ ನಡೆದು ಹೋಗುವ ಸದ್ದು ಕೇಳಿಸಿತು.

ಕೆಲೆರಾ ತಿರುಗಿ ನೋಡಲಿಲ್ಲ.