ಏಳನೆಯ ಬಾತು

ನವೆಂಬರ್ 14, ಮಂಗಳವಾರ, ಮಧ್ಯಾಹ್ನ 1.40. ಲಕ್ಸರ್‌ನ ಪಶ್ಚಿಮ ದಡದ ಪ್ರವಾಸಿ ಪೊಲೀಸ್ ಠಾಣೆಗೆ ದೂರು ಬಂದಾಗ ಇನ್ಸ್‌ಪೆಕ್ಟರ್ ಬದವಿ, ಒಂಟೆ ಕಚ್ಚಿತೋ ಇಲ್ಲ ನೆಕ್ಕಿತೋ ಎಂಬ ಜಗಳವನ್ನು ಮೂರನೆಯ ಸಲ ಕೇಳುತ್ತಿದ್ದ. ಫೋನಿನಲ್ಲಿ ಪ್ರಾಚ್ಯವಸ್ತು ಅಧಿಕಾರಿ ಮಿದ್ಹತ್ ಏದುಸಿರು ಬಿಡುತ್ತಿದ್ದ. ಗುಡ್ಡದ ಮೇಲಿನ, ಪ್ರಾಚೀನ ಕಾಲದ ಕಣಜಾಧಿಕಾರಿಯೊಬ್ಬನ ಸಮಾಧಿಯ ಗೋಡೆಯಲ್ಲಿ ಸಾಲಾಗಿ ಕೆತ್ತಿರುವ ಏಳು ಬಾತುಗಳಲ್ಲಿ ಕೊನೆಯದನ್ನು ಯಾರೋ ಉಳಿ ಹಾಕಿ ಕಿತ್ತಿದ್ದಾರೆ. ಬೆಳಿಗ್ಗೆ ಏಳಕ್ಕೆ ಅವನೇ ನೋಡಿದಾಗ ಇತ್ತು, ಈಗ ಇಲ್ಲ.

ಬದವಿ ಎದ್ದ ರಭಸಕ್ಕೆ ಮೇಜಿನ ಮೇಲಿನ ಚಹಾ ಚೆಲ್ಲಿತು. ಮೂರು ವರ್ಷದಿಂದ ಪ್ರವಾಸಿಗರ ಟೋಪಿ, ಕನ್ನಡಕ ಹುಡುಕಿಕೊಟ್ಟು ಅವನ ಬುದ್ಧಿಗೆ ತುಕ್ಕು ಹಿಡಿದಿತ್ತು. ಕಳವಾದದ್ದಕ್ಕೆ ಪೊಲೀಸನಾದವನು ಹಿಗ್ಗಬಾರದು. ಆದರೂ ಹಿಗ್ಗಿದ.

"ಸಾಹೇಬ್ರೆ, ಒಂಟೆ ಕೇಸು?" ಎಂದ ಕಾನ್‌ಸ್ಟೇಬಲ್ ಶಾಝ್ಲಿ.

"ಒಂಟೆಗೆ ನಾಳೆ ಬರೋಕೆ ಹೇಳು. ಜೀಪ್ ತೆಗಿ!"

2.05ಕ್ಕೆ ಇಬ್ಬರೂ ಸಮಾಧಿಯ ಮುಂದಿನ ಅಂಗಳದಲ್ಲಿದ್ದರು. ಅಲ್ಲಿನ ತಂಪಿಗೆ ಬದವಿ ಟೋಪಿ ತೆಗೆದು ಬೆವರು ಒರೆಸಿಕೊಂಡ. ಕಾವಲುಗಾರ ನೂಬಿ ಬಾಗಿಲ ಬಳಿ ಕೈಕಟ್ಟಿ ನಿಂತಿದ್ದ. ಮೂವತ್ತು ವರ್ಷದಿಂದ ಅದೇ ಬಾಗಿಲು ಕಾಯ್ದವನು. ಬದವಿಯ ತೀರಿಹೋದ ಅಪ್ಪನಿಗೂ ಜೊತೆಗಾರ.

"ಇವತ್ತು ಯಾರ್ಯಾರು ಬಂದಿದ್ರು, ಚಿಕ್ಕಪ್ಪ?"

"ಒಂದೇ ಗುಂಪು, ಬಾಷಾ," ಎಂದ ನೂಬಿ; ಪೊಲೀಸ್ ಸಾಹೇಬರಿಗೆಲ್ಲ ಅಲ್ಲಿನವರು ಹೇಳುವುದು ಹಾಗೇ. " ಗೈಡ್ ಶೆಹೀರಾ ಮೇಡಂದು. ಹದಿನಾರು ಜನ."

"ಎಷ್ಟೊತ್ತಿಗೆ?"

"ಒಂದು ಗಂಟೆಗೆ."

"ಆಗ ಬಾತು ಇತ್ತಾ?"

"ಇತ್ತು. ನಾನೇ ಇಲ್ಲಿ ನಿಂತು ಕನ್ನಡಿ ಹಿಡಿದೆ, ಬಿಸಿಲು ಸೀದಾ ಅದರ ಮೇಲೇ ಬಿತ್ತು. ಅವ್ರು ಹೋದ್ಮೇಲೆ ನೋಡ್ತೀನಿ, ಗೋಡೇಲಿ ಗುಂಡಿ."

ಆ ಸಮಾಧಿಗೆ ಕರೆಂಟಿಲ್ಲ. ಕಾವಲುಗಾರರು ಅಂಗಳದ ಬಿಸಿಲನ್ನು ಕನ್ನಡಿಯಲ್ಲಿ ಹಿಡಿದು ಒಳಗಿನ ಗೋಡೆಗೆ ಎಸೆಯುತ್ತಾರೆ. ಬದವಿಯ ಅಪ್ಪ ಜೀವಮಾನವಿಡೀ ಮಾಡಿದ್ದು ಅದೇ ಕೆಲಸ. ಹಾಗಾಗಿ ನೂಬಿಯ ಮಾತು ಬದವಿಗೆ ವಿಚಿತ್ರವೆನಿಸಲಿಲ್ಲ. ಅವನ ತಲೆಯಲ್ಲಿದ್ದದ್ದು ಒಂದೇ, ಆ ಗುಂಪಿನ ಹಡಗು 4.30ಕ್ಕೆ ಅಸ್ವಾನ್‌ಗೆ ಹೊರಡುತ್ತದೆ. ಠಾಣೆಗೆ ಫೋನ್ ಮಾಡಿ ಅಪರಿಚಿತರ ಮೇಲೆ ಎಫ್‌ಐಆರ್ ಬರೆಸಿದ, ಪ್ರವಾಸಿಗರ ಬಸ್ಸನ್ನು ನೈಲ್ ದಂಡೆಯ ಹಡಗುಕಟ್ಟೆಯಲ್ಲೇ ನಿಲ್ಲಿಸಲು ಹೇಳಿದ. ಮಿದ್ಹತ್‌ನನ್ನೂ ಜೀಪಿಗೆ ಹತ್ತಿಸಿಕೊಂಡು ಗುಡ್ಡದ ದಾರಿಯಲ್ಲಿ ಧೂಳೆಬ್ಬಿಸಿದ.

2.40. ಕಟ್ಟೆಯ ಇಬ್ಬರು ಅಂಗಡಿಯವರನ್ನು ಪಂಚರಾಗಿ ಕೂರಿಸಿ ಹದಿನಾರು ಚೀಲಗಳನ್ನೂ ಸುರಿಸಲಾಯಿತು. ಸಿಕ್ಕಿದ್ದು ಪ್ಲಾಸ್ಟಿಕ್ ಸ್ಫಿಂಕ್ಸ್ ಬೊಂಬೆ ನಾಲ್ಕು, ಅರ್ಧ ತಿಂದ ಖರ್ಜೂರ, ಹೋಟೆಲಿನಿಂದ ಎಗರಿಸಿದ ಟವೆಲ್ ಒಂದು. ಟವೆಲ್ಲಿನವನು ಕಿವಿಯವರೆಗೂ ಕೆಂಪಾದ. ಬಾತು ಮಾತ್ರ ಇರಲಿಲ್ಲ.

"ಹಾಗಾದ್ರೆ ಇವರದೇ ಕೆಲಸ," ಮಿದ್ಹತ್ ಶೆಹೀರಾಳತ್ತ ಬೆರಳು ತೋರಿಸಿದ. "ಕೊನೇಲಿ ಹೊರಗೆ ಬಂದಿದ್ದು ಇವರೇ. ಎಲ್ಲೋ ದಾಟಿಸಿರ್ತಾರೆ. ಬಾತು ಸಿಗದಿದ್ರೆ ಹಡಗು ಹೊರಡೋ ಹೊತ್ತಿಗೆ ಒಳಗೆ ಹಾಕಿ. ಲೈಸೆನ್ಸ್ ಇವತ್ತೇ ರದ್ದು."

ಶೆಹೀರಾಳ ಗಂಟಲು ಬೆಳಗಿನಿಂದ ಮಾತಾಡಿ ಒಡೆದಿತ್ತು. "ಹದಿನಾಲ್ಕು ವರ್ಷದ ಲೈಸೆನ್ಸು ಸಾರ್. ಅದು ಬಿಟ್ರೆ ನಂಗೆ ಬೇರೆ ಏನೂ ಬರಲ್ಲ."

"ಬೆಳಿಗ್ಗೆಯಿಂದ ಹೇಳಿ," ಎಂದ ಬದವಿ.

"ಆರೂವರೆಗೆ ಕಾರ್ನಾಕ್ ದೇವಸ್ಥಾನ. ಅಲ್ಲಿಂದ ರಾಜರ ಕಣಿವೆ, ಮೂರು ಸಮಾಧಿ. ಆಮೇಲೆ ಹತ್ಶೆಪ್ಸುತ್ ರಾಣಿ ಗುಡಿ. ಊಟ. ಒಂದು ಗಂಟೆಗೆ ಬಾತುಗಳ ಸಮಾಧಿ."

"ಬಾತು ನೋಡಿದ್ರಾ?"

"ತೋರಿಸ್ದೆ."

"ನೋಡಿದ್ರಾ ಅಂತ ಕೇಳಿದ್ದು."

ಶೆಹೀರಾ ತಲೆ ತಗ್ಗಿಸಿದಳು. "ಇಲ್ಲ ಸಾರ್. ಹದಿನಾಲ್ಕು ವರ್ಷದಿಂದ ಆ ಗೋಡೆಗೆ ಬೆನ್ನು ಹಾಕ್ಕೊಂಡೇ 'ಇಲ್ಲಿ ನೋಡಿ ಏಳು ಬಾತು' ಅಂತೀನಿ. ನಾನು ನೋಡೋದು ಜನರ ಮುಖ."

ಶಾಝ್ಲಿ ಕಿಸಕ್ಕನೆ ನಕ್ಕ. ಅಷ್ಟರಲ್ಲಿ ಗುಂಪಿನ ಹಿಂದಿನಿಂದ ಒಂದು ಸಣಕಲು ಕೈ ಮೇಲೆದ್ದಿತು. ಪೋಲೆಂಡಿನ ನಿವೃತ್ತ ಗಣಿತದ ಟೀಚರ್. ಆಕೆಯ ಮಾತನ್ನು ಶೆಹೀರಾಳೇ ತಿರುಗಿಸಿ ಹೇಳಬೇಕಾಯಿತು, ಹೇಳುತ್ತ ಹೇಳುತ್ತ ಅವಳ ಕಣ್ಣರಳಿತು.

"ಒಳಗೆ ಹೋದ ತಕ್ಷಣ ಎಣಿಸಿದ್ರಂತೆ ಸಾರ್! ಆರೇ ಇದ್ದವಂತೆ! ನಂಗೆ ಅವಮಾನ ಆಗ್ಬಾರ್ದು ಅಂತ ಸುಮ್ನಿದ್ರಂತೆ. ಫೋಟೋನೂ ಇದೆಯಂತೆ!"

ಬದವಿ ಫೋನನ್ನು ಕಸಿದುಕೊಂಡಂತೆಯೇ ತೆಗೆದುಕೊಂಡ. 1.02ರ ಚಿತ್ರ. ಆರು ಬಾತು, ಅದರಾಚೆ ಬೆಳ್ಳಗೆ ಹೊಸ ಗುಂಡಿ. ಗೋಡೆಯ ಮೇಲೆ ಫೋನ್ ಟಾರ್ಚಿನ ದುಂಡನೆಯ ಬೆಳಕು.

"ಟಾರ್ಚ್ ಯಾಕೆ? ನೂಬಿ ಕನ್ನಡಿ ಹಿಡಿದಿದ್ನಲ್ಲ?"

"ಎಲ್ಲಿಯ ಕನ್ನಡಿ ಸಾರ್? ಬಿಸಿಲು ಹೋಯ್ತು, ಫೋನ್ ಬೆಳಕಲ್ಲೇ ನೋಡ್ಕೊಳ್ಳಿ ಅಂದ್ರು ನೂಬಿಯಣ್ಣ."

ಬದವಿ ಹಣೆ ಚಚ್ಚಿಕೊಂಡ. ಆ ಅಂಗಳ ಪೂರ್ವಕ್ಕೆ ಬಾಯಿ ತೆರೆದದ್ದು. ಚಳಿಗಾಲದಲ್ಲಿ ಹನ್ನೆರಡು ದಾಟಿದರೆ ಬಿಸಿಲನ್ನು ಗುಡ್ಡವೇ ನುಂಗುತ್ತದೆ. ಅಪ್ಪ ಆ ಹೊತ್ತಿಗೆ ಕನ್ನಡಿಯನ್ನು ಬಟ್ಟೆಯಲ್ಲಿ ಸುತ್ತಿಟ್ಟು ಬುತ್ತಿ ಬಿಚ್ಚುತ್ತಿದ್ದ. ಹಾಳಾಗಲಿ, 2.05ಕ್ಕೆ ತಾನೇ ಅಲ್ಲಿ ನೆರಳಲ್ಲಿ ನಿಂತು ಬೆವರು ಒರೆಸಿಕೊಂಡಿದ್ದ! ಅವಸರ ಕಣ್ಣಿಗೆ ಮಣ್ಣೆರಚಿತ್ತು. ಮುಂದಿನ ಚಿತ್ರ ತಿರುವಿದ. 1.10, ಅಂಗಳದಲ್ಲಿ ಎಲ್ಲರೂ ನಗುತ್ತ ನಿಂತಿದ್ದಾರೆ, ಅಂಗಳವಿಡೀ ನೆರಳು. ಹಿಂದೆ ನೂಬಿ, ಅವನ ಪಕ್ಕ ಬಟ್ಟೆ ಸುತ್ತಿದ ಕನ್ನಡಿ. ಮೂವತ್ತು ವರ್ಷ ಕನ್ನಡಿ ಹಿಡಿದವನ ಬಾಯಿಗೆ ಆ ಮಾತು ತಾನಾಗಿ ಬಂದುಬಿಟ್ಟಿತ್ತು.

"ಶಾಝ್ಲಿ, ಓಡು!"

3.30ಕ್ಕೆ ಮಿದ್ಹತ್‌ನೂ ಸೇರಿ ಮೂವರು ಬಂದಿಳಿದಾಗ ಸಮಾಧಿಗೆ ಬೀಗ ಬಿದ್ದಿತ್ತು. ಟಿಕೆಟ್ ಕಿಟಕಿಯವನು ಆಕಳಿಸುತ್ತ ಹೇಳಿದ, "ನೂಬಿ ಮನೆಗೆ ಹೋದ. ಬೆಳಿಗ್ಗೆ ಹತ್ತಕ್ಕೂ ಒಂದ್ಸಲ ಹೋಗಿದ್ದ. ಅಮ್ಮನಿಗೆ ಔಷಧಿ ಅಂತ."

ಗುಡ್ಡದ ಮೇಲಿನ ಹಳೆಯ ಊರನ್ನು ಎಬ್ಬಿಸಿ ಕೆಳಗೆ ಕಟ್ಟಿಕೊಟ್ಟ ಹೊಸ ಊರಿಗೆ ಜೀಪು ಹಾರಿತು. ಸಾಲು ಮನೆಗಳೆಲ್ಲ ಒಂದೇ ಥರ. 3.55ಕ್ಕೆ ನೂಬಿಯ ಬಾಗಿಲಲ್ಲಿ ಇಳಿದಾಗ ಬದವಿಯ ಎದೆ ಡವಗುಟ್ಟುತ್ತಿತ್ತು. ನೂಬಿ ಹೊಸ್ತಿಲಲ್ಲೇ ನಿಂತಿದ್ದ, ಓಡಲಿಲ್ಲ.

"ಕನ್ನಡಿ ಎಷ್ಟೊತ್ತಿಗೆ ಹಿಡಿದ್ರಿ, ಚಿಕ್ಕಪ್ಪ?"

ನೂಬಿ ಆಕಾಶ ನೋಡಿದ. "ನಿಮ್ಮಪ್ಪನ ಮಗನ ಹತ್ರ ಆ ಸುಳ್ಳು ಹೇಳಬಾರದಿತ್ತು," ಎಂದ.

"ಆ ಹೆಣ್ಣುಮಗಳ ಮೇಲೆ ಯಾಕೆ ಹಾಕಿದ್ರಿ?"

"ಹೆದರಿಕೆ ಬಾಷಾ. ಬಾಯಿಗೆ ಬಂದಿದ್ದು ಹೇಳ್ದೆ."

"ಯಾರಿಗೆ ಮಾರೋಕೆ?"

"ಮಾರೋಕಲ್ಲ."

ಅವನು ಪಕ್ಕಕ್ಕೆ ಸರಿದ. ಒಳಗಿನ ಅಂಗಳದಲ್ಲಿ ಉಬ್ಬಲಿಟ್ಟ ರೊಟ್ಟಿ ಹಿಟ್ಟಿನ ಪಕ್ಕದಲ್ಲಿ ಅವನ ತಾಯಿ ಸೆನೀಯಾ ಗೋಡೆಗೊರಗಿ ಕುಳಿತಿದ್ದಳು. ಎಂಬತ್ತು ದಾಟಿದವಳು, ಎರಡೂ ಕಣ್ಣು ಹೋಗಿದ್ದವು. ಮಡಿಲಲ್ಲಿದ್ದ ಬಾತಿನ ಕತ್ತನ್ನು ಬೆರಳಲ್ಲಿ ಸವರುತ್ತಿದ್ದಳು.

"ಗುಡ್ಡದಲ್ಲಿ ಎಲ್ರೂ ಸಮಾಧಿಗೆ ಅಂಟಿಸ್ಕೊಂಡೇ ಮನೆ ಕಟ್ಟಿದ್ರಲ್ಲ, ಆ ಸಮಾಧಿ ನಮ್ಮ ಹಳೇ ಮನೆ ಹಿಂದಿನ ಕೋಣೆ," ನೂಬಿ ದನಿ ತಗ್ಗಿಸಿದ. "ಊರು ಎಬ್ಬಿಸಿದ ಮೇಲೆ ಇವಳ ಕಣ್ಣು ಹೋಯ್ತು. ಆಗಿನಿಂದ ಒಂದೇ ಮಾತು, ಮನೆಗೆ ಕರ್ಕೊಂಡ್ಹೋಗು. ಇದೇ ಮನೆ ಅಂದ್ರೆ ಗೋಡೆ ತಡವಿ ನೋಡಿ ಅಳ್ತಾಳೆ. ಬೆಳಿಗ್ಗೆ ಇದನ್ನ ಕೈಗಿಟ್ಟೆ. ಇವತ್ತು ಅಳಲಿಲ್ಲ ಬಾಷಾ. ರೊಟ್ಟಿಗೆ ಹಿಟ್ಟು ನಾದಿದಳು."

4.12ಕ್ಕೆ ಬದವಿ ಕಟ್ಟೆಗೆ ಫೋನ್ ಮಾಡಿ ಗುಂಪನ್ನೂ ಶೆಹೀರಾಳನ್ನೂ ಬಿಡಲು ಹೇಳಿದ. ಒಡೆದ ಗಂಟಲಲ್ಲೇ ಅವಳು ಕಿರುಚಿದ್ದು ಶಾಝ್ಲಿಗೂ ಕೇಳಿಸಿತು. "ನಾಳೆಯಿಂದ ಗೋಡೆ ನೋಡ್ಕೊಂಡೇ ಹೇಳ್ತೀನಿ ಸಾರ್!"

ನೂಬಿಯನ್ನು ಬಂಧಿಸಿ, ಪಕ್ಕದ ಮನೆಯವರಿಬ್ಬರ ಎದುರು ಪಂಚನಾಮೆ ಶುರುವಾಯಿತು. ಸುಣ್ಣಕಲ್ಲು, ಒಂದು ಅಂಗೈ ಅಗಲ. ಮಿದ್ಹತ್ ಬಗ್ಗಿ ನೋಡಿ ಹುಬ್ಬು ಗಂಟಿಕ್ಕಿದ. "ಕತ್ತು ಇಷ್ಟು ಯಾಕೆ ಸವೆದಿದೆ? ಉಳಿದ ಆರು ಹೀಗಿಲ್ಲ."

"ಹಿಟ್ಟಿನ ಮಡಕೆ ಅದರ ಕೆಳಗೇ ಅಲ್ವೇನಪ್ಪ ಇರೋದು," ಎಂದಳು ಮುದುಕಿ, ತನ್ನನ್ನೇ ಕೇಳಿದರೆಂದುಕೊಂಡು. "ಬಗ್ಗುವಾಗೆಲ್ಲ ಅದನ್ನೇ ಹಿಡ್ಕೋತೀನಿ. ಮದುವೆಯಾಗಿ ಬಂದಾಗಿನಿಂದ. ಕೂತ್ಕೊಳ್ಳಿ, ರೊಟ್ಟಿ ಆಗುತ್ತೆ."

ಎಫ್‌ಐಆರ್‌ಗೆ ಸೇರಿಸುವ ಟಿಪ್ಪಣಿಯಲ್ಲಿ ಬದವಿ ಬರೆದ: ಕೃತ್ಯದಲ್ಲಿ ಲಾಭದ ಉದ್ದೇಶ ಕಂಡುಬಂದಿಲ್ಲ. ವಸ್ತುವನ್ನು ತೆಗೆದುಕೊಳ್ಳಲು ಶಾಝ್ಲಿಗೆ ಸನ್ನೆ ಮಾಡಿದ. ಶಾಝ್ಲಿ ಮುಖ ತಿರುಗಿಸಿದ. ಕೊನೆಗೆ ಬದವಿಯೇ ಮೊಣಕಾಲೂರಿ, ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. ಮಧ್ಯಾಹ್ನದಿಂದ ಕುಣಿಯುತ್ತಿದ್ದ ಅವನ ಎದೆ ಆಗ ಭಾರವಾಯಿತು.

ಮುದುಕಿ ಖಾಲಿ ಕೈಯಿಂದ ಹಿಂದಿನ ಗೋಡೆಯನ್ನು ತಡವಿದಳು. ಮತ್ತೆ ತಡವಿದಳು.

"ನೂಬಿ," ಎಂದು ಕೂಗಿದಳು, "ನಾವೀಗ ಎಲ್ಲಿದೀವೋ?"