ಶಾರದವ್ವ ಆರಿಸಿದ ಆಂಟೆನಾ

ಟ್ರಂಕು ಬಾಯಿ ತೆರೆದುಕೊಂಡಿತ್ತು. ಒಳಗೆ ಬೋರಮಾಳ ಇರಲಿಲ್ಲ. ಶಾರದವ್ವನಿಗೆ ಅವಳ ತಾಯಿ ತನ್ನ ಕೊರಳಿಂದಲೇ ತೆಗೆದುಕೊಟ್ಟ ಬಂಗಾರ ಅದು.

ಹಳೆಯ ಬಸ್ಸೊಂದನ್ನು ಕೊಂಡು, ಮಂಚ, ಒಲೆ, ಬ್ಯಾಟರಿ ಟಿವಿ ಕೂಡಿಸಿ, ಊರೂರು ಸುತ್ತುವ ಮನೆ ಮಾಡಿಕೊಂಡಿದ್ದ ಅವಳ ಗಂಡ ಈರಬಸಪ್ಪ. ಶನಿವಾರ ಸಂಜೆ ಅದು ದೇವಿಕೊಪ್ಪದಿಂದ ತಿರ್ಲಾಪುರಕ್ಕೆ ಬಂದು ಗೆಳೆಯನ ಹತ್ತಿಹೊಲದ ಬದಿಗೆ ನಿಂತಿತ್ತು. ಕೂಡಲೇ ಗಂಡಹೆಂಡತಿ ಗೆಳೆಯನ ಮನೆಗೆ ಊಟಕ್ಕೆ ಹೋದರು. ಹಿಂದೆ ಉಳಿದವರು ಇಬ್ಬರೇ—ಅಡುಗೆಯ ಖಾಸಿಂಬಿ, ಈರಬಸಪ್ಪನ ಅಕ್ಕನ ಮಗ ಹೊಳೆಪ್ಪ.

"ನಾ ಕಣ್ಣಾರೆ ನೋಡೇನಿ ಮಾವ," ಎಂದ ಹೊಳೆಪ್ಪ. ಕಂಕುಳಲ್ಲಿ ತಾನೇ ತಂದಿದ್ದ ಆಂಟೆನಾದ ರಟ್ಟಿನ ಡಬ್ಬಿ, ಅಂಗಡಿಗೆ ವಾಪಸ್ ಕೊಡಲು ಹುಬ್ಬಳ್ಳಿಗೆ ಹೊರಟಿದ್ದ. "ನಿನ್ನಿ ಸಂಜೀಕ ಟಿವಿ ನೋಡಕೋತ ಮಲಗಿದ್ದೆ. ಈಕಿ ಬಂದು ಟ್ರಂಕಿನ ಬಾಜು ಕುಂತ್ಲು."

"ಸುಳ್ಳ!" ಖಾಸಿಂಬಿ ಸೆರಗು ಬಿಗಿದು ನಿಂತಳು. "ನಾ ಹೊರಗ ರೊಟ್ಟಿ ಬಡೀತಿದ್ದೆ. ಒಳಗ ಕಾಲ ಇಟ್ಟಿಲ್ರಿ."

"ಗಂಟು ಕಟ್ಟು," ಎಂದ ಈರಬಸಪ್ಪ. "ಸುಮ್ನ ಊರಿಗೆ ನಡಿ. ಪೊಲೀಸರಿಗೆ ಹೇಳಂಗಿಲ್ಲ."

"ಕಳ್ಳಿ ಅನ್ನಿಸ್ಕೊಂಡು ಹೋಗಂಗಿಲ್ರಿ. ಪೊಲೀಸರನ್ನ ಕರೀರಿ! ನಾನ ಕುಂದ್ರತೀನಿ ಇಲ್ಲೇ."

ಶಾರದವ್ವ ಕೆಳಗಿಳಿದು ಬಸ್ಸಿನ ನೆತ್ತಿಯನ್ನು ಬಹಳ ಹೊತ್ತು ನೋಡಿದಳು. ಒಳಗೆ ಬಂದಳು.

"ಹೊಳೆಪ್ಪಾ, ಪಿಚ್ಚರ್ ಬರಾಬರಿ ಕಾಣತಿತ್ತೇನೋ?"

"ಅಗದಿ ಕನ್ನಡಿ ಕಂಡಂಗ, ಅತ್ತಿ!"

"ನೀ ಮ್ಯಾಲೆ ಹತ್ತಿದ್ದೇನು?"

"ನಾ ಯಾಕ ಹತ್ತಲಿ? ಗುಂಡಿ ಒತ್ತಿದೆ, ಬಂತು."

"ಮತ್ಯಾರಾದ್ರೂ ಹತ್ತಿದ್ರೇನು?"

"ಯಾರೂ ಇಲ್ಲ."

ಶಾರದವ್ವ ಟಿವಿ ಹಚ್ಚಿದಳು. ರವಿವಾರ ಬೆಳಗಿನ ಕಾರ್ಯಕ್ರಮದ ಹೊತ್ತು. ಪರದೆಯ ತುಂಬ ಸಾಸಿವೆ ಸಿಡಿದಂತೆ ಚುಕ್ಕಿಗಳು, ಸೊರ್ರೆಂಬ ಸದ್ದು. ಅವಳು ಸೀರೆ ಎತ್ತಿ ಕಟ್ಟಿ ಹಿಂದಿನ ಏಣಿ ಹತ್ತಿದಳು. ಮೇಲೆ ಆಂಟೆನಾದ ಕೊಳವೆ ಕಿರುಗುಟ್ಟಿತು. ಒಳಗೆ ಥಟ್ಟನೆ ಹಾಡು ಕೇಳಿತು, ಮುಖಗಳು ಮೂಡಿದವು.

ಹೊಳೆಪ್ಪ ಬಾಗಿಲ ಕಡೆ ಸರಿದ. ಖಾಸಿಂಬಿ ಅಲ್ಲೇ ನಿಂತಿದ್ದಳು.

ಶಾರದವ್ವ ಇಳಿದು ಬಂದಳು. "ಹೊಳೆಪ್ಪಾ, ಆಂಟೆನಾ ಕೊಳ್ಳುಮುಂದ ಅಂಗಡ್ಯಾಗ ಏನಂದಿದ್ದಿ? ತಾಟಿನಂಥ ಆಂಟೆನಾ ತಗೊ ಅತ್ತಿ, ಎಲ್ಲಾ ದಿಕ್ಕಿಂದೂ ಹಿಡೀತೈತಿ ಅಂದಿ. ನಾ ಕಡ್ಡೀದು ಆರಿಸಿದೆ—ದೂರದ್ದು ಹಿಡೀತೈತಿ, ಆದ್ರ ಮುಖ ಹುಬ್ಬಳ್ಳಿ ಟವರಿಗೇ ಇರಬೇಕು. ಊರೂರಿಗೆ ತಿರುಗಿಸೋರು ಯಾರಂತ ನಕ್ಕಿ. ನಾನ ತಿರುಗಸ್ತೀನಿ ಅಂದೆ. ಪ್ರತಿ ಊರಾಗ ನಾನ ಹತ್ತೀನಿ. ನೀ ಒಂದ ದಿನಾನೂ ಕತ್ತೆತ್ತಿ ನೋಡ್ಲಿಲ್ಲ. ಟಿವಿ ತಾನ ಬರತೈತಿ ಅಂತ ತಿಳದಿ."

ಈರಬಸಪ್ಪ ಹೆಂಡತಿಯನ್ನೇ ನೋಡುತ್ತಿದ್ದ. ಅವನೂ ಹಾಗೆಯೇ ತಿಳಿದಿದ್ದ.

"ನಿನ್ನಿ ಬಂದ ಕೂಡ್ಲೆ ಊಟಕ್ಕ ಕರದ್ರು, ನಾ ಆಂಟೆನಾ ತಿರುಗಿಸಲಿಲ್ಲ. ಈಗಿನತನಕ ಅದು ಹುಬ್ಬಳ್ಳಿಗೆ ಬೆನ್ನು ಮಾಡಿ ನವಲಗುಂದ ನೋಡತಿತ್ತು. ನೀ ಟಿವಿ ನೋಡಿಲ್ಲ. ಈಕೀನ್ನ ಟ್ರಂಕಿನ ಬಾಜು ನೋಡೇನಿ ಅಂದದ್ದೂ ಸುಳ್ಳ. ಮತ್ತ ಟ್ರಂಕಿನ ಹತ್ರ ಕುಂತವ್ರು ಯಾರು?"

"ಅತ್ತಿ, ನಾ..."

"ಹಟಕ್ಕ ತಂದ ಆ ತಾಟಿನ ಆಂಟೆನಾ ವಾಪಸ್ ಕೊಡಾಕ ಹೊಂಟಿ. ರವಿವಾರ ಆ ಅಂಗಡಿ ತೆರದಿರತೈತೇನು? ಡಬ್ಬಿ ಬಿಚ್ಚು."

ಹೊಳೆಪ್ಪ ಬಿಚ್ಚಲಿಲ್ಲ. ಖಾಸಿಂಬಿ ಕಸಿದು ಬಿಚ್ಚಿದಳು. ತಾಟಿನ ಕೆಳಗೆ, ಕಾಗದದ ಸುರುಳಿಯಲ್ಲಿ, ಬೋರಮಾಳ.

ಈರಬಸಪ್ಪ ಬೋರಮಾಳ ತೆಗೆದು ಹೆಂಡತಿಯ ಕೈಗಿಟ್ಟ. "ಆದದ್ದಾತು, ಖಾಸಿಂಬಿ. ಒಂದೀಟು ಚಹಾ ಮಾಡು."

"ಗಂಟು ಕಟ್ಟು ಅಂದವ್ರು ನೀವ," ಎಂದು ಖಾಸಿಂಬಿ ಬಸ್ಸಿನ ಮೆಟ್ಟಿಲ ಮೇಲೆ ಕುಳಿತಳು. "ಇವತ್ತು ನೀವ ಮಾಡ್ರಿ."

ಶಾರದವ್ವ ಹೋಗಿ ಅವಳ ಬಾಜು ಕುಳಿತಳು.

"ಎರಡು ಕಪ್ಪು ಮಾಡ್ರಿ."