ಅಥಣಿಯ ಇನ್ನೊಬ್ಬ ಸುಗಂಧಾ

2014ರ ಜೂನ್ 9, ಸೋಮವಾರ ಬೆಳಿಗ್ಗೆ ರಾಯಬಾಗದ ಸುಗಂಧಾ ಎಂಬ ಹೆಣ್ಣುಮಗಳು ಅಥಣಿ ಠಾಣೆಗೆ ಬಂದು ಪಿಎಸ್‌ಐ ಶಿವರಾಜ ಮಗದುಮ್ಮ ಅವರಿಗೆ ದೂರು ಕೊಟ್ಟಳು.

ಆಕೆ ನಿಪ್ಪಾಣಿಯಲ್ಲಿ ಓದಿ ಬಿ.ಫಾರ್ಮ್ ಪಾಸಾದವಳು. ಕೊಲ್ಲಿಯ ಒಂದು ದೇಶದ ಆಸ್ಪತ್ರೆಯಲ್ಲಿ ತಾತ್ಕಾಲಿಕ ಕೆಲಸಕ್ಕೆ ಅರ್ಜಿ ಹಾಕಿದ್ದಳು. ಬೇರೆ ದೇಶದಲ್ಲಿ ಓದಿದ ಫಾರ್ಮಾಸಿಸ್ಟರಿಗೆ ಅಲ್ಲಿ ಮೊದಲು ಪ್ರಮಾಣಪತ್ರಗಳ ಪರಿಶೀಲನೆ, ಆಮೇಲೆ ಪರೀಕ್ಷೆ. ಎರಡೂ ಆದರೆ ಅಲ್ಲಿಯ ಹಿರಿಯ ಫಾರ್ಮಾಸಿಸ್ಟರೊಬ್ಬರ ಕೈಕೆಳಗೆ ಒಂದು ವರ್ಷ ಕೆಲಸ ಮಾಡಲು ಪರವಾನಗಿ. ಸುಗಂಧಾಳ ಅರ್ಜಿ ಮೊದಲ ಹಂತದಲ್ಲೇ ತಿರಸ್ಕೃತವಾಗಿತ್ತು.

"ಯಾಕ?" ಶಿವರಾಜ ಕೇಳಿದರು.

"ನಾ ಹೋದ ವರ್ಷ ಅಲ್ಲೇ ಕೆಲಸಾ ಮಾಡಿ ಬಂದೀನಂತ್ರಿ. ನಾ ಕೊಟ್ಟ ಔಷಧದಿಂದ ಒಂದು ಕೂಸು ಸತ್ತೈತಂತ. ಸಾಹೇಬ್ರ, ನಾ ವಿಮಾನ ಸುದ್ದಾ ಹತ್ತಿಲ್ರಿ."

ಅಲ್ಲಿಂದ ಕಳಿಸಿದ್ದ ಹಳೆಯ ಅರ್ಜಿಯ ಪ್ರತಿಯನ್ನು ಮೇಜಿನ ಮೇಲಿಟ್ಟಳು. ಹೆಸರು, ಹುಟ್ಟಿದ ದಿನಾಂಕ, ಅಂಕಪಟ್ಟಿ ಎಲ್ಲ ಅವಳವೇ. ವಿಳಾಸ ಅಥಣಿಯದು. ಫೋಟೊ ಮಾತ್ರ ಬೇರೆಯವಳದು.

ಕಾನ್‌ಸ್ಟೆಬಲ್ ಮಲಕಾರಿ ಬಗ್ಗಿ ನೋಡಿದ. "ಇವರು ಸುಗಂಧಾ ಬಾಯಿಯವರಲ್ರಿ? ಬಾಪುಸಾಹೇಬರ ಮೆಡಿಕಲ್‌ದಾಗ ಇದ್ದವರು. ನಮ್ಮವ್ವಗ ಬಿಪಿ ಗುಳಗಿ ಇವರ ಕೊಡತಿದ್ರು."

"ಸುಗಂಧಾ ನಾನ್ರಿ!" ಎಂದ ದೂರುದಾರಳು ಬಾಪುಸಾಹೇಬನ ಹೆಸರು ಬಂದದ್ದು ಹೊಳೆಯುತ್ತಲೇ ತಲೆ ತಗ್ಗಿಸಿದಳು. ಶಿವರಾಜ ಅದನ್ನು ಗಮನಿಸಿದರು.

"ಬಾಪುಸಾಹೇಬರ ಪರಿಚಯ ಐತೇನು?"

"ಲಗ್ನ ಆದ ಮ್ಯಾಲ ನನ್ನ ಸರ್ಟಿಫಿಕೇಟ್, ಅಂಕಪಟ್ಟಿ ಅವರ ಅಂಗಡಿಗೆ ಕೊಟ್ಟಿದ್ನಿರಿ. ಫಾರ್ಮಾಸಿಸ್ಟ್ ಇಲ್ದ ಲೈಸೆನ್ಸ್ ಸಿಗೂದಿಲ್ಲಲ್ರಿ. ಎಲ್ಲಾರೂ ಕೊಡ್ತಾರ."

"ಅಂಗಡ್ಯಾಗ ಎಷ್ಟ ದಿನಾ ಕೆಲಸಾ ಮಾಡೀರಿ?"

"ಒಂದಿನಾನೂ ಇಲ್ರಿ."

ಕಲಂ 419, 420, 468, 471ರಡಿ ಎಫ್‌ಐಆರ್ ದಾಖಲಾಯಿತು. ಅಂಗಡಿಗೆ ಹೋಗುವಾಗ ಮಲಕಾರಿ ಜೀಪಿನಲ್ಲಿ ಶಿವರಾಜರ ಕಡೆ ತಿರುಗಿದ. "ಸಾಹೇಬ್ರ, ಆಕಿ ಪಾಸ್‌ಪೋರ್ಟಿನ ತಪಾಸಣಿಗೆ ನಾನ ಹೋಗಿದ್ನಿರಿ. ಆಜೂಬಾಜೂದವರನ್ನ ಕೇಳಿದ್ನಿ. ಎಲ್ಲಾರೂ ಸುಗಂಧಾ ಬಾಯಿನ ಅಂದ್ರು. ನನಗೂ ಹಂಗ ಗೊತ್ತಿತ್ತು. ಸಹಿ ಮಾಡಿದ್ನಿ."

"ನಿಂದೂ ಹೇಳಿಕಿ ತಗೋಬೇಕಾಗ್ತೈತಿ," ಎಂದರು ಶಿವರಾಜ. ಅವನು ಹೂಂ ಎಂದ.

ಅಂಗಡಿಯಲ್ಲಿ ಇಬ್ಬರು ಪಂಚರ ಎದುರು ಪಂಚನಾಮೆ ನಡೆಯಿತು. ಲೈಸೆನ್ಸಿನಲ್ಲಿ ಸುಗಂಧಾಳ ಹೆಸರಿತ್ತು. ಕೌಂಟರಿನಲ್ಲಿ ಈಗ ಮತ್ತೊಬ್ಬಳು ಹುಡುಗಿ ನಿಂತಿದ್ದಳು.

"ಫೋಟೊದಾಗಿನಾಕಿ ಯಾರು?"

ಬಾಪುಸಾಹೇಬ ಬೆವರು ಒರೆಸಿಕೊಂಡ. "ಉಜ್ವಲಾ ಅಂತ್ರಿ. ತೆಲಸಂಗದಾಕಿ. ಫಾರ್ಮಸಿ ಅರ್ಧಕ್ಕ ಬಿಟ್ಟಿದ್ಳು."

"ಸುಗಂಧಾ ಅಂತ ಯಾರು ಕರದ್ರು?"

"ಡ್ರಗ್ ಇನ್ಸ್‌ಪೆಕ್ಟರ್ ಬಂದಾಗ ಹಂಗ ಹೇಳು ಅಂದಿದ್ನಿರಿ. ಮುಂದ ಗಿರಾಕಿಗಳೂ ಹಂಗ ಕರದ್ರು. ಪರದೇಶಕ್ಕ ಹೋಗೂದು ನನಗ ಹೇಳಿಲ್ರಿ."

ಮರುದಿನ ಮಧ್ಯಾಹ್ನ ಶಿವರಾಜ ಮಹಿಳಾ ಕಾನ್‌ಸ್ಟೆಬಲ್ ಒಬ್ಬರೊಂದಿಗೆ ತೆಲಸಂಗಕ್ಕೆ ಹೋದರು. ಉಜ್ವಲಾ ತವರಿನ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದಳು. ಪೊಲೀಸರನ್ನು ಕಂಡು ಮೊರ ಕೆಳಗಿಟ್ಟಳು.

"ಇಷ್ಟ ದಿನಾ ಯಾಕ ಬರಲಿಲ್ರಿ?" ಎಂದಳು.

ಬಂಧಿಸಿ ಠಾಣೆಗೆ ಕರೆತಂದರು. ಕೇಳಿದ್ದಕ್ಕೆಲ್ಲ ಅವಳು ನೇರವಾಗಿ ಉತ್ತರ ಕೊಟ್ಟಳು. ಎರಡನೇ ವರ್ಷ ಓದುತ್ತಿದ್ದಾಗ ಮದುವೆಯಾಗಿತ್ತು. ಗಂಡ ಪರೀಕ್ಷೆಗೆ ಕಳಿಸಲಿಲ್ಲ. ಅವನನ್ನು ಬಿಟ್ಟು ಬಂದ ಮೇಲೆ ಬಾಪುಸಾಹೇಬನ ಅಂಗಡಿ ಸೇರಿದಳು.

"ಮತ್ತ ಪರೀಕ್ಷೆ ಯಾಕ ಕಟ್ಟಲಿಲ್ಲ?"

"ಕಾಲೇಜಿಗೆ ಹೋಗಿದ್ನಿರಿ. ವರ್ಷ ಬಾಳ ಆದುವು, ಮೊದಲಿಂದ ಸೇರಬೇಕು ಅಂದ್ರು. ಹೊಳ್ಳಿ ಅಂಗಡಿಗೆ ಬಂದ್ರ ಅಲ್ಲಿ ಎಲ್ಲಾರೂ ಸುಗಂಧಾ ಬಾಯಿ, ಸುಗಂಧಾ ಬಾಯಿ ಅನ್ನಾಕತ್ತಿದ್ರು. ಸರ್ಟಿಫಿಕೇಟ್ ಗೋಡಿಗೇ ಇತ್ತು, ಅಂಕಪಟ್ಟಿ ಫೈಲಿನ್ಯಾಗ. ತಗೊಂಡ್ನಿ."

"ಅಲ್ಲಿಯವರು ತಪಾಸ ಮಾಡಲಿಲ್ಲೇನು?"

"ಕಾಲೇಜಿಗೆ ಬರದು ಕೇಳಿದ್ರು. ಅಂಕಪಟ್ಟಿ ಖರೇ ಅಂತ ಉತ್ತರಾ ಬಂತು. ಖರೇನ ಇತ್ತಲ್ರಿ, ನಂದಲ್ಲ ಅಷ್ಟ. ಪರೀಕ್ಷೆ ನಾನ ಬರದ್ನಿ, ಪಾಸ್ ಆದ್ನಿ. ಪಾಸಾದ ದಿನಾ ನಾನೂ ಫಾರ್ಮಾಸಿಸ್ಟ್ ಅಂತ ತಿಳಕೊಂಡ್ನಿ."

ಅವಳನ್ನು ನೋಡಿಕೊಳ್ಳಬೇಕಾದ ಹಿರಿಯ ಫಾರ್ಮಾಸಿಸ್ಟ್ ಕೂಸಿಗೆ ಔಷಧ ಕೊಟ್ಟ ದಿನ ರಜೆಯ ಮೇಲಿದ್ದರು. ಹೃದಯದ ತೊಂದರೆಯಿದ್ದ ಹಸುಗೂಸಿಗೆ ಹನಿಗಳ ಲೆಕ್ಕದಲ್ಲಿ ಕೊಡಬೇಕಾದ ಔಷಧ. ಅಂಥದ್ದನ್ನು ಅವಳು ಅಥಣಿಯಲ್ಲಿ ಎಂದೂ ಕೊಟ್ಟವಳಲ್ಲ. ಕೇಳಿದರೆ ಗುಟ್ಟು ರಟ್ಟಾದೀತೆಂದು ಯಾರನ್ನೂ ಕೇಳಲಿಲ್ಲ. ಚಮಚದ ಅಳತೆ ಬರೆದು ತಾಯಿಯ ಕೈಗೆ ಕೊಟ್ಟಳು. ಕೂಸು ಸತ್ತು ವಿಚಾರಣೆ ಶುರುವಾಗುತ್ತಲೇ ಊರಿಗೆ ಓಡಿಬಂದಳು.

"ಆ ತಾಯಿ ನನಗ ಕೈ ಮುಗದು ಹೋದಳ್ರಿ," ಎಂದಳು.

ಪರವಾನಗಿ ನಿಯಮ ಮುರಿದದ್ದಕ್ಕೆ ಬಾಪುಸಾಹೇಬ ಮತ್ತು ಸುಗಂಧಾಳ ಮೇಲೂ ಕ್ರಮಕ್ಕೆ ವರದಿ ಹೋಯಿತು. ಸುಗಂಧಾ ಹೊರಗಿನ ಬೆಂಚಿನ ಮೇಲೆ ಕೂತಿದ್ದಳು. ಇನ್ನು ಅವಳಿಗೆ ಆ ದೇಶವೂ ಇಲ್ಲ, ಬಹುಶಃ ಇಲ್ಲಿಯ ಫಾರ್ಮಾಸಿಸ್ಟ್ ನೋಂದಣಿಯೂ ಇಲ್ಲ.

ಶಿವರಾಜ ಹೇಳಿಕೆಯ ಜೊತೆ ಆರೋಪಗಳನ್ನೂ ಓದಿ ಹೇಳಿದರು. ಸುಳ್ಳು ಹೆಸರು, ಮೋಸ, ಪಾಸ್‌ಪೋರ್ಟು. ಉಜ್ವಲಾ ಕೊನೆಯವರೆಗೂ ಕೇಳಿ ತಲೆಯೆತ್ತಿದಳು.

"ಕೂಸಿಂದು ಬರಲಿಲ್ಲಲ್ರಿ?"

"ಅದು ಅಲ್ಲೀ ಕೇಸವ್ವ. ಆ ದೇಶದವರು ನಿನ್ನ ಕಳಸ್ರಿ ಅಂತ ಕೇಳಿಲ್ಲ. ಇದರಾಗ ಅದು ಬರೂದಿಲ್ಲ."

"ಹಂಗಾರ ಅದಕ್ಕ ನನಗ ಯಾರು ಶಿಕ್ಷಾ ಕೊಡಾವರ್ರಿ?"

ಶಿವರಾಜ ಸಹಿ ಮಾಡಲು ಪೆನ್ನು ಮುಂದೆ ಸರಿಸಿದರು. ಬಂಧಿಸುವಾಗ ಅಳದ ಹೆಣ್ಣುಮಗಳು ಈಗ ಸೆರಗಿನಲ್ಲಿ ಮುಖ ಮುಚ್ಚಿ ಅಳತೊಡಗಿದಳು.